ಟ್ಯಾಂಕ್ ಲೆವೆಲ್ ಅಲಾರಂ ರಾತ್ರಿಯೆಲ್ಲಾ ಎಸ್‌ಎಂಎಸ್ ಬರ್ತಾವ, ಬಂದ್ ಮಾಡ್ಲ್ಯೋ ಏನ್ ಮಾಡ್ಲಿ?

ಗದಗ_ಪಂಪ್‌ಹೌಸ್:
ನಮಸ್ಕಾರ್ರಿ ಎಲ್ಲಾರಿಗೂ. ಗದಗ ಕಡೆ ಹಳ್ಳಿಗಳಿಗೆ ನೀರು ಕೊಡೋ ಸ್ಕೀಮಿನ ಸ್ಕಾಡಾ (ಪಂಪ್, ಟ್ಯಾಂಕ್ ದೂರದಿಂದ ನೋಡೂ ಕಂಪ್ಯೂಟರ್ ವ್ಯವಸ್ಥೆ) ನೋಡ್ಕೊಂತೀನಿ. ಟ್ಯಾಂಕ್ 4 ಮೀಟರ್, ಅಲ್ಟ್ರಾಸೋನಿಕ್ ಸೆನ್ಸರ್, ಹೈ ಲೆವೆಲ್ 3.8ಕ್ಕ ಇಟ್ಟೀವಿ. ನೀರು ಅಲ್ಲಿಗೆ ಮುಟ್ಟಿತಂದ್ರ ಅಲಾರಂ ಬರ್ತೈತಿ ಹೋಗ್ತೈತಿ, ಬರ್ತೈತಿ ಹೋಗ್ತೈತಿ, ನಿಮಿಷಕ್ಕ ಏಳೆಂಟು ಸಲ. ಅದು ಸಾಲದಂತ ಕರೆಂಟ್ ಹೋತಂದ್ರ ಪಂಪ್‌ಹೌಸಿಂದ ಲೋ ಪ್ರೆಶರ್, ಲೋ ಫ್ಲೋ, ಡ್ರೈವ್ ಫಾಲ್ಟ್, ಫೇಸ್ ಫೇಲ್ ಎಲ್ಲಾ ಒಮ್ಮೆಗೇ ಬಂದ್ ಬೀಳ್ತಾವ. ರಾತ್ರಿ ಪಾಳಿ ಹುಡುಗ್ರು ಮೊಬೈಲ್ ಸೈಲೆಂಟ್ ಇಟ್ಟು ಮಲಗಾಕತ್ತಾರ. ಸಾಹೇಬ್ರು ಎಲ್ಲಾ ಡಿಸೇಬಲ್ ಮಾಡು ಅಂತಾರ, ನಾಳೆ ಏನರ ಆದ್ರ ಹೆಸರು ನಂದು 🙏

ತಾರಿಹಾಳ_ಇನ್‌ಸ್ಟ್ರುಮೆಂಟ್:
ಡಿಸೇಬಲ್ ಮಾಡಬ್ಯಾಡ್ರಿ ಸರ, ಡಿಸೇಬಲ್ ಮಾಡಿದ್ದನ್ನ ಮತ್ತ ಎನೇಬಲ್ ಮಾಡೋದು ಯಾರಿಗೂ ನೆನಪಿರೂದಿಲ್ಲ. ಬೇಕಾದ್ರ ಶೆಲ್ವ್ ಮಾಡ್ರಿ, ಅಂದ್ರ ಸ್ವಲ್ಪ ಹೊತ್ತು ಮಾತ್ರ ಸುಮ್ಮನಿರಸೂದು, 8 ತಾಸಿಗೆ ಅಂತ ಟೈಮ್ ಹಾಕಿದ್ರ ಪಾಳಿ ಮುಗದ ಮ್ಯಾಲ ತಾನ ವಾಪಸ್ ಬರ್ತೈತಿ.
ಮೊದ್ಲ ಟ್ಯಾಂಕ್ ಹತ್ತಿ ನೋಡ್ರಿ, ಇನ್‌ಲೆಟ್ ನೀರು ಸೆನ್ಸರ್ ಕೆಳಗನ ಬೀಳತೈತೇನು? ತೆರಿ ಎದ್ದು ರೀಡಿಂಗ್ ಕುಣಿತೈತಿ, ಸ್ಟಿಲಿಂಗ್ ಪೈಪ್ (ಸೆನ್ಸರ್ ಕೆಳಗ ನೀರು ಕುಣೀದಂಗ ತಡಿಯೂ ಪೈಪ್) ಹಾಕಿದ್ರ ಅರ್ಧ ಕಾಟ ಅಲ್ಲೇ ಮುಗೀತೈತಿ. ಆಮ್ಯಾಲ ಡೆಡ್‌ಬ್ಯಾಂಡ್. ಲೆವೆಲ್ಲಿಗೆ ರೇಂಜಿನ 5% ಇಂದ ಶುರು ಮಾಡ್ತಾರ, ನಿಮಗ 0.2 ಮೀಟರ್, ಅಂದ್ರ 3.8ಕ್ಕ ಬಂದ ಅಲಾರಂ 3.6ಕ್ಕ ಇಳಿಯೂತನಕ ಹೋಗೂದಿಲ್ಲ. ಆನ್ ಡಿಲೇ 60 ಸೆಕೆಂಡ್ ಕೊಡ್ರಿ, ಅಂದ್ರ ಅಷ್ಟು ಹೊತ್ತು ನೀರು ಮ್ಯಾಲ ಇದ್ರ ಮಾತ್ರ ಅಲಾರಂ ಬರ್ತೈತಿ, ಆದ್ರ ಪಂಪ್ ಓಡಾಗ 60 ಸೆಕೆಂಡಿನಾಗ ನೀರು ಎಷ್ಟು ಏರತೈತಿ ಅಂತ ಲೆಕ್ಕಾ ಹಾಕಿ ಕೊಡ್ರಿ, ಸಣ್ಣ ಟ್ಯಾಂಕ್ ಇದ್ರ ತುಂಬಿ ಚೆಲ್ಲತೈತಿ.

ಗದಗ_ಪಂಪ್‌ಹೌಸ್:
ಡೆಡ್‌ಬ್ಯಾಂಡ್ 0.05 ಮೊದ್ಲ ಹಾಕೇತಲ್ರಿ ಆರ್‌ಟಿಯುದಾಗ (ಸೈಟಿಂದ ಡೇಟಾ ಕಳಸೂ ಡಬ್ಬಿ), ಏನೂ ಫರಕ್ ಆಗಿಲ್ಲ?

ತಾರಿಹಾಳ_ಇನ್‌ಸ್ಟ್ರುಮೆಂಟ್:
ಅದು ಬ್ಯಾರೆ ರೀ. ಆರ್‌ಟಿಯುದಾಗಿನ ಡೆಡ್‌ಬ್ಯಾಂಡ್ ವ್ಯಾಲ್ಯೂ ಇಷ್ಟು ಬದಲಾದ್ರ ಮಾತ್ರ ಡೇಟಾ ಕಳಸು ಅನ್ನೂದು, ಸಿಮ್ ಡೇಟಾ ಉಳಸಾಕ. ನಾ ಹೇಳಿದ್ದು ಅಲಾರಂ ಕಾನ್ಫಿಗರೇಶನ್‌ನಾಗಿಂದು. ಭಾಳ ಮಂದಿ ಇಲ್ಲೇ ಸಿಕ್ಕೊಂತಾರ.

ಧಾರವಾಡ_ಪಿಎಲ್‌ಸಿ:
ಕರೆಂಟ್ ಹೋದಾಗಿನ ಮಾತಿಗೆ ಬರೂಣು. ಪಂಪ್ ನಿಂತಾಗ ಪ್ರೆಶರ್ ಇಲ್ಲಂತ ಹೇಳೂದು ಅಲಾರಂ ಅಲ್ಲ, ಅದಕ್ಕ ಆಪರೇಟರ್ ಮಾಡೂದಾದ್ರೂ ಏನೈತಿ? ಐಎಸ್‌ಎ 18.2 ಅನ್ನೂ ಅಲಾರಂ ಸ್ಟ್ಯಾಂಡರ್ಡ್ ಅದನ್ನ ಹೇಳೂದು, ಮನಷ್ಯಾ ಏನರ ಮಾಡಬೇಕಾಗಿದ್ರ ಅಲಾರಂ, ಉಳಿದದ್ದು ಈವೆಂಟ್ ಲಾಗಿಗೆ. ಲೋ ಪ್ರೆಶರ್‌ಗೆ ಕಂಡಿಶನ್ ಹಾಕ್ರಿ: ರನ್ ಫೀಡ್‌ಬ್ಯಾಕ್ (ಪಂಪ್ ಓಡಾಕತ್ತೈತಿ ಅನ್ನೂ ಸಿಗ್ನಲ್) ಬಂದು 30 ಸೆಕೆಂಡ್ ಆದ ಮ್ಯಾಲ ಮಾತ್ರ ಬರಬೇಕು. ಲೋ ಫ್ಲೋಕ್ಕೂ ಹಂಗ, ಆದ್ರ ಲೈನ್ ಉದ್ದ ಇದ್ರ ಟೈಮ್ ಜಾಸ್ತಿ ಕೊಡ್ರಿ. ಫೇಸ್ ಫೇಲ್ ಇದ್ದಾಗ ಡ್ರೈವ್ ಫಾಲ್ಟ್ ಎಸ್‌ಎಂಎಸ್ ಬ್ಯಾಡ, ಒಂದ "ಪವರ್ ಇಲ್ಲ" ಸಾಕು.
ಒಂದ್ ಮಾತ್ರ ಮುಟ್ಟಬ್ಯಾಡ್ರಿ: ಪವರ್ ಇದ್ದು, ರನ್ ಕಮಾಂಡ್ ಇದ್ದು, ಫೀಡ್‌ಬ್ಯಾಕ್ ಇಲ್ಲಂದ್ರ ಅದು ಬರ್ಲೇಬೇಕು. ಇದನ್ನೂ ಒತ್ತಿಟ್ಟ್ರ ಪಂಪ್ ಟ್ರಿಪ್ ಆಗಿ ಬೆಳತನಕ ನಿಂತ್ರೂ ಸ್ಕ್ರೀನ್ ಹಸಿರ ಇರತೈತಿ.
ಸಾಹೇಬ್ರಿಗೆ ಇದನ್ನ ತೋರಸ್ರಿ, 1994ರಾಗ ವೇಲ್ಸಿನ ಮಿಲ್ಫರ್ಡ್ ಹೇವನ್ ರಿಫೈನರಿ ಸ್ಫೋಟ ಆಗೂಕಿಂತ ಮೊದಲಿನ 11 ನಿಮಿಷದಾಗ ಇಬ್ರು ಆಪರೇಟರ್‌ಗಳಿಗೆ 275 ಅಲಾರಂ ಬಂದಿದ್ವು. 10 ನಿಮಿಷಕ್ಕ 10ರ ಮ್ಯಾಲ ಹೋದ್ರ ಅದನ್ನ ಫ್ಲಡ್ ಅಂತಾರ, ಓದಾಕ ಆಗೂದಿಲ್ಲ ಯಾರಿಗೂ.

ಗದಗ_ಪಂಪ್‌ಹೌಸ್:
ಅಣ್ಣಾರ ಲೆವೆಲ್ ಶಾಂತ ಆತು, ಕರೆಂಟ್ ಹೋದ್ರೂ ಈಗ ಒಂದ ಎಸ್‌ಎಂಎಸ್. ಆದ್ರ ನೆಟ್‌ವರ್ಕ್ ಹೋಗಿ ವಾಪಸ್ ಬಂದಾಗ ಸಂಜಿ ಮುಗಿದ ಅಲಾರಂ ಎಲ್ಲಾ ರಾತ್ರಿ ಹೊಸಾವಂಗ ಬರ್ತಾವ, ಇದೇನ್ರಿ?

ಧಾರವಾಡ_ಪಿಎಲ್‌ಸಿ:
ಡಿಎನ್‌ಪಿ3 (ಆರ್‌ಟಿಯು ಡೇಟಾ ಕಳಸೂ ಪ್ರೋಟೋಕಾಲ್) ಇರಬೇಕು ನಿಮ್ದು. ಲಿಂಕ್ ಇಲ್ಲದಾಗ ಆರ್‌ಟಿಯು ಈವೆಂಟ್ ಕೂಡಿಟ್ಟು ಆಮ್ಯಾಲ ಸುರೀತೈತಿ, ಅದು ಸರೀನ ಐತಿ, ಹಿಸ್ಟರಿಗೆ ಬೇಕು. ಎಸ್‌ಎಂಎಸ್ ಸ್ಕ್ರಿಪ್ಟಿನಾಗ ಟೈಮ್‌ಸ್ಟ್ಯಾಂಪ್ 15 ನಿಮಿಷಕ್ಕಿಂತ ಹಳೇದು ಇದ್ದು, ಅಲಾರಂ ಈಗ ಕ್ಲಿಯರೂ ಆಗಿದ್ರ ಕಳಸಬ್ಯಾಡ ಅಂತ ಬರೀರಿ. ಇನ್ನೂ ಆಕ್ಟಿವ್ ಇದ್ರ ಎಷ್ಟ್ ಹಳೇದಾದ್ರೂ ಕಳಸಬೇಕು. ಅದಕ್ಕೂ ಮೊದ್ಲ ಎಲ್ಲಾ ಸೈಟಿನ ಗಡಿಯಾರ ನೋಡ್ರಿ, ಟೈಮ್ ತಪ್ಪಿದ್ರ ಈಗಷ್ಟ ಬಂದು ಹೋದದ್ದನ್ನೂ ಹಳೇದಂತ ನುಂಗತೈತಿ.

ಗದಗ_ಪಂಪ್‌ಹೌಸ್:
ನೋಡ್ದೆ, ಒಂದ್ ಸೈಟಿನಾಗ ಇನ್ನೂ 1970 ನಡದೈತಿ 😂 ಆರ್‌ಟಿಯು ಒಳಗಿನ ಬ್ಯಾಟರಿ ಹೋಗಿರಬೇಕು, ಹುಬ್ಬಳ್ಳಿಯಿಂದ ತರಸ್ತೀನಿ.