ಮನೆಮಂದಿ ಗುಂಪು: ಚೌಕಾಸಿ ಮಾಡೋ ಗಿರಾಕಿ ಕೆಟ್ಟವನಾ?

ಸಣ್ಣತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) *ಸ್ವಂತ ಕೆಲಸ ಮಾಡುವವರೇ ಎಚ್ಚರ!!* ಈ 7 ಥರದ ಗಿರಾಕಿ ನಿಮ್ಮನ್ನು ಮುಳುಗಿಸ್ತಾರೆ. ಮೊದಲನೆಯವನು ಚೌಕಾಸಿ ಮಾಡುವವನು. ಎರಡನೆಯವನು ದಿನಾ ಫೋನ್ ಮಾಡುವವನು… *ಹೊಸ ಕಾನೂನು: 45 ದಿನದಲ್ಲಿ ದುಡ್ಡು ಕೊಡದಿದ್ರೆ ಗಿರಾಕಿಗೆ ಜೈಲು!* 10 ಜನಕ್ಕೆ ಕಳಿಸಿ 🙏

ಸಣ್ಣತ್ತೆ: ಪುಟ್ಟ, ಇಂಟೀರಿಯರ್ ಕೆಲಸ ಮಾಡೋ ನಿನಗೇ ಬರೆದ ಹಾಗಿದೆ ನೋಡು

ಪುಟ್ಟ: ನೂರಕ್ಕೆ ನೂರು ನಿಜ ಅತ್ತೆ

ಸಿಎ ಅಕ್ಕ: ಜೈಲು ಅಂತ ಯಾವ ಕಾನೂನಲ್ಲಿದೆ? ಸೆಕ್ಷನ್ ನಂಬರ್ ಹಾಕಿ

ಸಣ್ಣತ್ತೆ: ಬಂದಿದ್ದನ್ನ ಕಳಿಸಿದೆ ಅಷ್ಟೆ. ನಿಮ್ಮಪ್ಪ ನಿನ್ನೆ ಬೆಳ್ಳುಳ್ಳಿ ಕಷಾಯದ ಮೆಸೇಜ್ ಹಾಕಿದಾಗ ನೀನು ಏನೂ ಕೇಳಲಿಲ್ಲ. ನಾನು ಹಾಕಿದ್ರೆ ಮಾತ್ರ ಸೆಕ್ಷನ್ ಬೇಕು

ದೊಡ್ಡಪ್ಪ: ಗಿರಾಕಿಯನ್ನ ದೂರೋದು ತಪ್ಪು. ಅವನೇ ಅನ್ನದಾತ. ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ ಗಿರಾಕಿ ಅಂತ ಗಾಂಧೀಜಿ ಹೇಳಿದ್ದನ್ನ ಬ್ಯಾಂಕುಗಳಲ್ಲಿ ತೂಗುಹಾಕ್ತಿದ್ರು. ಈಗಿನವರು ಓದಲ್ಲ

ಸಿಎ ಅಕ್ಕ: ಅಪ್ಪಾ, ಅದು ಗಾಂಧೀಜಿ ಮಾತು ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. 1941ರಲ್ಲಿ ಅಮೆರಿಕದ ಸ್ಟುಡ್‌ಬೇಕರ್ ಕಾರು ಕಂಪನಿಯ ಮಾರಾಟ ಮುಖ್ಯಸ್ಥರ ಹೆಸರಲ್ಲಿ ಅಂಥದೇ ಮಾತು ಅಚ್ಚಾಗಿದೆ

ಸಿಎ ಅಕ್ಕ: 45 ದಿನದ ವಿಷಯ ಹೊಸದೂ ಅಲ್ಲ. ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ 2006, ಸೆಕ್ಷನ್ 15. ಲಿಖಿತ ಒಪ್ಪಂದ ಇದ್ರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ರೆ 15 ದಿನ. ಮೀರಿದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಜೈಲಿಲ್ಲ. ಜೈಲಿನ ಮಾತು ಬರೋದು ಚೆಕ್ ಬೌನ್ಸ್ ಆದಾಗ, ಅದು ಬೇರೆ ಕಾಯ್ದೆ, ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138. ಚೆಕ್ ವಾಪಸಾಯ್ತು ಅನ್ನೋ ಬ್ಯಾಂಕ್ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಗಡುವು. ಆಮೇಲೆ ಒಂದು ತಿಂಗಳೊಳಗೆ ದೂರು. ಪುಟ್ಟ, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಕೆಲಸ ಹಿಡಿಯೋ ಮೊದಲೇ ಮಾಡಿಸ್ಕೋ. ಬಾಕಿ ಬಿದ್ದ ಮೇಲೆ ಮಾಡಿಸಿದ್ರೆ ತಕರಾರು ಬರುತ್ತೆ

ದೊಡ್ಡಪ್ಪ: ಅಪ್ಪನಿಗೆ ಗುಂಪಲ್ಲಿ ಎದುರುತ್ತರ. ಸಂತೋಷ

ಇಂಟೀರಿಯರ್ ಭಾವ: ಫಾರ್ವರ್ಡ್ ಬರೆದವನು ಸೈಟಿಗೆ ಕಾಲಿಟ್ಟಿಲ್ಲ. ಚೌಕಾಸಿ ಮಾಡೋರು ಒಳ್ಳೇ ಗಿರಾಕಿ. ರೇಟು ಮುಗಿಸಿ ಒಪ್ಪಿದ ಮೇಲೆ ದುಡ್ಡು ಕೊಡ್ತಾರೆ. ಭಯ ಪಡಬೇಕಾದ್ದು ರೇಟೇ ಕೇಳದೆ "ನೀವು ಶುರು ಮಾಡಿ, ಆಮೇಲೆ ನೋಡೋಣ" ಅನ್ನೋರಿಗೆ. ಅವರು ಏನನ್ನೂ ಬರೆದು ಒಪ್ಪಲ್ಲ

ದೊಡ್ಡಪ್ಪ: ಇದು ನನಗೇ ಹೇಳಿದ್ದು ಅಂತ ಗೊತ್ತಾಯ್ತು

ಇಂಟೀರಿಯರ್ ಭಾವ: ನಿಮಗಲ್ಲ ದೊಡ್ಡಪ್ಪ. ಪುಟ್ಟ, ವಾರ್ಡ್‌ರೋಬ್ ಲೆಕ್ಕ ನೋಡು. 7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳ. ಮುಂಭಾಗ ಮಾತ್ರ ಅಳೆದ್ರೆ 42 ಚದರಡಿ. ಪಕ್ಕ, ಮೇಲೆ, ತಳ, ಬೆನ್ನು, ಬಾಗಿಲು, ನಡುವೆ ಒಂದು ಹಲಗೆ ಎಲ್ಲ ಕೂಡಿಸಿದ್ರೆ 150. ಒಬ್ಬ ಮುಂಭಾಗದ ಲೆಕ್ಕದಲ್ಲಿ, ಇನ್ನೊಬ್ಬ ಹಲಗೆ ಲೆಕ್ಕದಲ್ಲಿ, ಮತ್ತೊಬ್ಬ ಬರೀ ಕೂಲಿ ರೇಟು ಹೇಳಿರ್ತಾನೆ. ಮೂರನ್ನೂ ಪಕ್ಕಪಕ್ಕ ಇಟ್ಟು "ಅವನು ಕಮ್ಮಿ ಹೇಳ್ದ" ಅಂತ ಬರೋರು ಸಿಗ್ತಾರೆ. ವ್ಯತ್ಯಾಸ ವಿವರಿಸಿ ನೋಡು. ಕೇಳಿಸ್ಕೊಂಡು ಪ್ರಶ್ನೆ ಕೇಳಿದ್ರೆ ಕೆಲಸ ಹಿಡಿ. ವಿವರಿಸಿದ ಮೇಲೂ ಅದೇ ಅಂಕಿ ಹಿಡ್ಕೊಂಡ್ರೆ ಬಿಡು, ಪ್ರತಿ ಬಿಲ್ಲಿಗೂ ಅದೇ ಜಗಳ

ತೀರ್ಥಹಳ್ಳಿ ಮಾವ: ಈ ಚದರಡಿ ಎಲ್ಲ ಎಲ್ಲಿತ್ತು ಆಗ! ಅಜ್ಜನ ಮನೆ ಜಗಲಿಯಲ್ಲೇ ಆಚಾರಿ ಕೂತು ಹಲಸಿನ ಮರ ಕೊಯ್ದು ಪೆಟ್ಟಿಗೆ ಮಾಡಿದ್ದು. ದಿನಗೂಲಿ, ಮಧ್ಯಾಹ್ನ ಊಟ, ಎಲೆಅಡಿಕೆ. ಮುಚ್ಚಳ ಇವತ್ತಿಗೂ ಒಂದು ಕೂದಲೆಳೆ ಸೊಟ್ಟ ಆಗಿಲ್ಲ

ಸಣ್ಣತ್ತೆ: ಆ ಪೆಟ್ಟಿಗೆ ಈಗ ಯಾರ ಮನೇಲಿದೆ ಅಂತ ಎಲ್ರಿಗೂ ಗೊತ್ತು

ದೊಡ್ಡಪ್ಪ: ಅಮ್ಮ ಕೈಯಾರೆ ಕೊಟ್ಟಿದ್ದು

ಸಣ್ಣತ್ತೆ: ಯಾರೆದುರಿಗೆ ಕೊಟ್ರು?

ಪುಟ್ಟ: ಭಾವ, ಮೊದಲ ಭೇಟಿಯಲ್ಲೇ ಗೊತ್ತಾಗೋದು ಹೇಗೆ?

ಇಂಟೀರಿಯರ್ ಭಾವ: ಮೂರು ಕೇಳು. ಒಂದು, ಕೊನೇ ಮಾತು ಯಾರದು? ಗಂಡ ಬಿಳಿ ಲ್ಯಾಮಿನೇಟ್ (ಹಲಗೆ ಮೇಲೆ ಅಂಟಿಸೋ ಹಾಳೆ) ಅಂದು, ಹೆಂಡತಿ ಮರದ ಬಣ್ಣ ಅಂದು, ವಿದೇಶದಲ್ಲಿರೋ ಮಗ ವಿಡಿಯೋ ಕಾಲಲ್ಲಿ ಬೂದು ಅಂದ್ರೆ, ಒಬ್ಬರ ಹೆಸರು ಬರೆಸ್ಕೊಳ್ಳೋ ತನಕ ಟೇಪು ಹಿಡೀಬೇಡ. ಎರಡು, ಹಿಂದಿನ ಕಂಟ್ರಾಕ್ಟರ್ ಯಾಕೆ ಬಿಟ್ಟ? ಕೆಲಸ ಅರ್ಧಕ್ಕೆ ನಿಂತ ಸೈಟಾದ್ರೆ ಅವನನ್ನೇ ಫೋನಲ್ಲಿ ಕೇಳು. ಒಬ್ಬ ಬಿಟ್ಟಿದ್ರೆ ತಪ್ಪು ಅವನದೂ ಇರಬಹುದು, ಮೂವರು ಬಿಟ್ಟಿದ್ರೆ ನೀನು ನಾಲ್ಕನೆಯವನು. ಮೂರು, ದುಡ್ಡಿನ ಕಂತು ಓದಿ ಹೇಳಿ ಮುಖ ನೋಡು. ಬುಕಿಂಗಿಗೆ 10%, ಪ್ಲೈವುಡ್ ತರೋ ಮೊದಲು 50%, ಜೋಡಿಸೋಕೆ ಸೈಟಿಗೆ ಸಾಗಿಸೋ ಮೊದಲು 35%, ಕೀ ಕೊಡೋವಾಗ 5%

ಸಿಎ ಅಕ್ಕ: 50% ಮೊದಲೇ ಕೊಡೋಕೆ ಗಿರಾಕಿಗೂ ಭಯ ಇರುತ್ತಲ್ಲ? ಕಂಟ್ರಾಕ್ಟರ್ ಓಡಿ ಹೋದ ಸುದ್ದಿಗಳೇನು ಕಮ್ಮಿ ಇಲ್ಲ

ಇಂಟೀರಿಯರ್ ಭಾವ: ಸರಿಯಾದ ಪ್ರಶ್ನೆ. ಭಯ ಇರೋರಿಗೆ ಪ್ಲೈ ಅಂಗಡಿ ಬಿಲ್ಲು ತೋರಿಸು, ಹಲಗೆ ಮೇಲಿನ ಐಎಸ್ 710 ಮುದ್ರೆ (ನೀರು ತಡೆಯೋ ಪ್ಲೈವುಡ್ಡಿನ ಗುಣಮಟ್ಟದ ಗುರುತು) ಅವರೇ ನೋಡ್ಲಿ. ಭಯ ಇರೋನು ಅಷ್ಟಕ್ಕೆ ಒಪ್ಪುತ್ತಾನೆ. ಕೊಡೋ ಮನಸ್ಸಿಲ್ಲದೋನು ಬಿಲ್ಲು ನೋಡಿದ ಮೇಲೂ ಇನ್ನೊಂದು ನೆಪ ತೆಗೀತಾನೆ. 8 ಅಡಿಗೆ 4 ಅಡಿ ಹಲಗೆಯನ್ನ ಒಂದು ಅಡುಗೆಮನೆ ಅಳತೆಗೆ ಕೊಯ್ದ ಮೇಲೆ ಬೇರೆ ಮನೆಗೆ ಆಗಲ್ಲ. ಕೊಯ್ಯೋ ದಿನ ನಿನ್ನ ಕೈಯಲ್ಲಿ 60% ಇಲ್ಲ ಅಂದ್ರೆ ಅವರ ಮನೆ ಕೆಲಸ ನಿನ್ನ ದುಡ್ಡಲ್ಲಿ ನಡೀತಿದೆ ಅಂತ ಅರ್ಥ

ಇಂಟೀರಿಯರ್ ಭಾವ: ಇನ್ನೊಂದು. "ಒಂದೇ ಒಂದು ಬಾಗಿಲು ಎಕ್ಸ್‌ಟ್ರಾ" ಅಂತ ಕೆಲಸ ಮುಗಿಯೋ ಹೊತ್ತಿಗೆ ಕೇಳ್ತಾರೆ. ಅದೇ ನಂಬರಿನ ಲ್ಯಾಮಿನೇಟ್ ತಂದ್ರೂ ಬ್ಯಾಚ್ ಬದಲಾಗಿದ್ರೆ ಬಣ್ಣ ಒಂದೆಳೆ ಬೇರೆ ಬರುತ್ತೆ, ಬೆಳಕಲ್ಲಿ ಎದ್ದು ಕಾಣುತ್ತೆ. ಆಮೇಲೆ ಇಡೀ ಅಡುಗೆಮನೆ ಬದಲಿಸಿ ಅಂತಾರೆ. ಬದಲಾವಣೆ ಏನಿದ್ರೂ ವಾಟ್ಸಾಪಲ್ಲಿ ಬರೆದು, ರೇಟು ಹಾಕಿ, ಅವರಿಂದ "ಒಪ್ಪಿದೆ" ಅಂತ ಬರಿಸ್ಕೋ. ಬ್ಯಾಚ್ ವಿಷಯ ಮೊದಲ ಕೋಟೇಶನ್ನಲ್ಲೇ ಇರ್ಲಿ

ದೊಡ್ಡಪ್ಪ: ನಮ್ಮ ಅಡುಗೆಮನೆ ಕೋಟೇಶನ್ನಲ್ಲಿ ನೀನು ಇದೇನೂ ಬರೆದಿರಲಿಲ್ಲ

ಇಂಟೀರಿಯರ್ ಭಾವ: ಎರಡನೇ ಪುಟದಲ್ಲಿತ್ತು ದೊಡ್ಡಪ್ಪ

ತೀರ್ಥಹಳ್ಳಿ ಮಾವ: ಪೆಟ್ಟಿಗೆಯ ಒಂದು ಫೋಟೋ ಆದ್ರೂ ಹಾಕಿ ಯಾರಾದ್ರೂ

ಪುಟ್ಟ: ಅಕ್ಕ, ಅಡ್ವಾನ್ಸ್‌ಗೂ ಜಿಎಸ್‌ಟಿ ಬರುತ್ತಾ?

ಸಿಎ ಅಕ್ಕ: ನೋಂದಣಿ ಆಗಿದ್ರೆ ಬರುತ್ತೆ. ಸೇವೆಗೆ ಅಡ್ವಾನ್ಸ್ ಕೈಗೆ ಬಂದಾಗಲೇ ತೆರಿಗೆ ಹೊಣೆ, ರಸೀದಿ ವೋಚರ್ ಕೊಡಬೇಕು. ನಿನ್ನ ಕೆಲಸಕ್ಕೆ 18%. ಬಿಲ್ಲು ಹಾಕಿ ದುಡ್ಡು ಬರದಿದ್ರೂ ತೆರಿಗೆ ಕಟ್ಟಲೇಬೇಕು. ಅದಕ್ಕೇ ಕೋಟೇಶನ್ನಲ್ಲಿ "ಜಿಎಸ್‌ಟಿ ಬೇರೆ" ಅಂತ ಮೊತ್ತದ ಪಕ್ಕದಲ್ಲೇ ಬರಿ, ಎರಡನೇ ಪುಟದಲ್ಲಲ್ಲ