ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಬ್ಯಾಡ್ಜ್‌ಗೆ ಹಸಿರು ಕಿಲುಬು: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ಸೇನೆಯ ಹಳೇ ಟೋಪಿ ಬ್ಯಾಡ್ಜ್ ಸಂಗ್ರಹಿಸುವವರು ಇಲ್ಲಿದ್ದೀರಾ? ನನ್ನ ಹತ್ತಿರ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಜೋಡಿ ಇದೆ. ಟೋಪಿಯ ಮುಂದೊಂದು, ಹಿಂದೊಂದು. 1801ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 28ನೇ ಪದಾತಿ ದಳದ (ಮುಂದೆ ಇದೇ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಭಾಗವಾಯಿತು) ಹಿಂದಿನ ಸಾಲಿನವರು ತಿರುಗಿ ನಿಂತು, ಬೆನ್ನಿಗೆ ಬೆನ್ನು ಕೊಟ್ಟು ಫ್ರೆಂಚರ ಜೊತೆ ಕಾದಾಡಿದರು. ಆ ಗೌರವಕ್ಕೇ ಹಿಂದಿನ ಪುಟ್ಟ ಬ್ಯಾಡ್ಜ್. ಎಂಥ ಕಥೆ ಅಲ್ವಾ!

ಈಗ ಆ ಪುಟ್ಟದರ ಹಿಂಬದಿ, ಬೆಸುಗೆ ಹಾಕಿದ ಕೊಂಡಿಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿದೆ. ಮುಂಬದಿಯಲ್ಲಿ ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ತಲೆಯ ಈಜಿಪ್ಟಿನ ಆಕೃತಿ) ಮುಖದ ಗೆರೆಗಳು ಆಗಲೇ ಜಾಸ್ತಿ ಸವೆದಿವೆ. ಬ್ರಾಸೋ ಪಾಲಿಶ್ ಹಾಕಿ ತಿಕ್ಕಲು ನನಗಂತೂ ಮನಸ್ಸಿಲ್ಲ, ಇರೋದೂ ಹೋಗುತ್ತೆ. ಬೆಸುಗೆ ಸಡಿಲವಾಗದಂತೆ ಕಿಲುಬು ಮಾತ್ರ ತೆಗೆಯೋದು ಹೇಗೆ? ಪಿವಿಸಿ ಕವರಿನಿಂದ ಹೊರಗೆ ತೆಗೆದಿಟ್ಟಿದ್ದೇನೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಸಿಲಿಕಾ ಜೆಲ್ ಇಟ್ಟರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.