ಪದ ಬೇಕಿತ್ತು: ಡಿವಿಡಿಯ "ಫುಲ್ ಬ್ಯಾಕಪ್"

ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಯಲ್ಲಿ ತಾಳಮದ್ದಳೆಯ ಹಳೇ ಡಿವಿಡಿಗಳಿವೆ, ನಾವೇ ರೆಕಾರ್ಡ್ ಮಾಡಿಸಿದ್ದು. ಕೆಲವು ಆಗಲೇ ನಡುನಡುವೆ ನಿಲ್ಲುತ್ತಿವೆ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುವ ಹುಡುಗರಿಗಾಗಿ ಗೋಡೆಗೆ ಒಂದು ಸೂಚನೆ ಅಂಟಿಸಬೇಕು. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡ್ತೇನೆ. ಒಳಗಿನ ವಿಒಬಿ ಫೈಲುಗಳನ್ನಷ್ಟೇ (ವಿಡಿಯೋ ಇರೋವು) ಎಳೆದುಕೊಂಡರೆ ಮೆನು ಹೋಗುತ್ತದೆ, ಪ್ರಸಂಗದ ಭಾಗಗಳ ಗುರುತೂ ಹೋಗುತ್ತದೆ. ನಮಗೆ ಇಡೀ ಡಿಸ್ಕ್ ಇದ್ದ ಹಾಗೇ ಒಂದೇ ಐಎಸ್ಒ ಫೈಲಾಗಿ ಬೇಕು, 4.7 ಜಿಬಿ ಆದರೂ ಸರಿ. "ನಕಲು" ಅಂದರೆ ಹುಡುಗರು ಮೊದಲನೇದನ್ನೇ ಮಾಡ್ತಾರೆ. "ಮೀಸಲು ಪ್ರತಿ" ಆಗಬಹುದಾ?

— ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಬೇಡ. "ಪಡಿಯಚ್ಚು" ಅನ್ನಿ, ಅಚ್ಚಗನ್ನಡ.

— ರಾಯರೇ, ಪಡಿ ಅಚ್ಚಗನ್ನಡ ಆದದ್ದು ಯಾವಾಗ? "ಪ್ರತಿ"ಯ ತದ್ಭವ ಅದು. ಮಗ ಅಪ್ಪನ ಪಡಿಯಚ್ಚು ಅಂತೀವಿ. ಅದರಲ್ಲಿ ಕಾಪಿಟ್ಟುಕೊಳ್ಳುವ ಅರ್ಥ ಎಲ್ಲಿದೆ? ಅರಿಸಮಾಸ ಅಂತ ಹಳೇ ವ್ಯಾಕರಣಕಾರ ಕೇಶಿರಾಜನನ್ನು ಎಬ್ಬಿಸುವುದಾದರೆ "ಮಳೆಗಾಲ"ವನ್ನೂ ಬಿಡಿ. ಕಾಲ ಸಮಸಂಸ್ಕೃತ, ಎರಡೂ ಭಾಷೆಗೆ ಸಲ್ಲುವ ಪದ ಅಂತೀರಾ? ಹಾಗಾದರೆ ಪ್ರತಿ ಏನು ಪಾಪ ಮಾಡಿತ್ತು? ಸುಮ್ನೆ "ಬ್ಯಾಕಪ್" ಅಂತ ಹಾಕಿ ಮುಗಿಸಿ.

— ಹೌದೌದು. ಡಿಸ್ಕ್, ಫುಲ್, ಬ್ಯಾಕಪ್ ಎಲ್ಲ ಹಾಕಿ. ಕೊನೆಗೆ "ಮಾಡಿ" ಅನ್ನೋದೊಂದು ಕನ್ನಡ ಉಳಿಯುತ್ತೆ. ತದ್ಭವ ನೂರಾರು ವರ್ಷ ನಮ್ಮ ಬಾಯಲ್ಲಿ ಪಳಗಿದ್ದು. ನಿನ್ನೆ ಬಂದ ಬ್ಯಾಕಪ್ಪನ್ನು ಅದರ ಪಕ್ಕ ಕೂರಿಸಬೇಡಿ.

— ಇದು ಗೋಡೆ ಚೀಟಿ ಸ್ವಾಮಿ, ನಿಘಂಟಲ್ಲ. "ಬ್ಯಾಕಪ್" ಬೇಡ ಅನ್ನೋಕೆ ನನ್ನ ಕಾರಣವೇ ಬೇರೆ. ಡಿವಿಡಿಯ ಒಳಗೇ ಬಿಯುಪಿ ಅನ್ನೋ ಫೈಲುಗಳಿರುತ್ತವೆ, ಮೆನು, ಭಾಗಗಳ ಮಾಹಿತಿ ಇರೋ ಐಎಫ್ಒ ಫೈಲುಗಳ ಬ್ಯಾಕಪ್ ಅವು. ಯಾವನಾದರೂ ಜಾಣ ಅವನ್ನಷ್ಟೇ ಇಳಿಸಿಕೊಂಡು ಮನೆಗೆ ಹೋದಾನು. "ಐಎಸ್ಒ" ಇರಲಿ, ಪರದೆ ಮೇಲೆ ಹುಡುಗರಿಗೆ ಕಾಣೋದು ಅದೇ. ಐಎಸ್ಒ 9660 ಅನ್ನೋ ಮಾನಕದಿಂದ ಬಂದ ಹೆಸರು; ದಯವಿಟ್ಟು ಅದಕ್ಕೂ ತದ್ಭವ ಹುಡುಕಬೇಡಿ.

— "ಇಡೀ ಡಿಸ್ಕಿನ ಐಎಸ್ಒ ಪ್ರತಿ ತೆಗೆಯಿರಿ. ಒಳಗಿನ ಫೈಲುಗಳನ್ನು ಬಿಡಿಬಿಡಿಯಾಗಿ ಎಳೆಯಬೇಡಿ." ಹೀಗೆ ಬರೆದು ಪ್ರಿಂಟಿಗೆ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

— ಡಿಸ್ಕಿಗೆ "ತಟ್ಟೆ" ಅನ್ನಬಹುದಿತ್ತು. ಗ್ರಾಮಫೋನ್ ಕಾಲದಲ್ಲಿ ಹಾಗೇ ಅಂತಿದ್ದರು, ಅಲ್ವಾ?

— ಅನ್ನಬಹುದಿತ್ತು. ಹುಡುಗರು ಊಟಕ್ಕೆ ಕೂತಿರೋರು.